ಕುರುಹು ಮತ್ತು ಅರಿವು: ಪ್ರಯೋಗಾಲಯವು ಪ್ರೋಟೀನನ್ನು ಗುರುತಿಸುವ ಬಗೆ

ಜಾತ್ರೆಯ ದಾಸೋಹಕ್ಕೆಂದು ಊರಿನ ಹಲವು ಮನೆಗಳಿಂದ ಪಾತ್ರೆಗಳು ಮಠಕ್ಕೆ ಬರುವುದು ನಮ್ಮ ಕಡೆ ಹಿಂದಿನಿಂದ ನಡೆದುಬಂದ ರೂಢಿ. ಕೊಳಗ, ಪರಾತ, ಬೋಗುಣಿ, ಸೌಟು ಎಲ್ಲವೂ ಒಂದೇ ಅಡುಗೆಮನೆಯಲ್ಲಿ ಕಲೆತುಹೋಗುತ್ತವೆ. ಪ್ರಸಾದ ವಿನಿಯೋಗ ಮುಗಿದು, ಪಾತ್ರೆಗಳನ್ನು ಬೆಳಗಿ ಸಾಲಾಗಿ ಬೋರಲು ಹಾಕಿದಾಗ ಒಂದು ಬೋಗುಣಿಗೂ ಮತ್ತೊಂದು ಬೋಗುಣಿಗೂ ವ್ಯತ್ಯಾಸವೇ ಕಾಣದು. ಆದರೂ ಸಂಜೆಯೊಳಗೆ ಪ್ರತಿಯೊಂದು ಪಾತ್ರೆಯೂ ತನ್ನ ಮನೆಯನ್ನು ಸೇರುತ್ತದೆ. ಪಾತ್ರೆಯನ್ನು ಕೊಂಡ ದಿನವೇ ಅದರ ಅಂಚಿನಲ್ಲಿ ಮನೆಯವರು ಹೆಸರು ಹಾಕಿಸಿರುತ್ತಾರೆ. ಒಂದೇ ಬಗೆಯಾಗಿ ಕಾಣುವ ನೂರು ಪಾತ್ರೆಗಳ ನಡುವೆ ಆ ಕಿರಿದಾದ ಕುರುಹೇ ದಾರಿ ತೋರುತ್ತದೆ.

ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿಯೂ ಇದೇ ಉಪಾಯವು ಬಳಕೆಯಲ್ಲಿದೆ. ಸಾವಿರಾರು ಪ್ರೋಟೀನುಗಳ ಗುಂಪಿನಲ್ಲಿ ತಮಗೆ ಬೇಕಾದ ಒಂದನ್ನು ಕಂಡುಹಿಡಿಯಲು ವಿಜ್ಞಾನಿಗಳು ಅದಕ್ಕೆ ಒಂದು ಕುರುಹನ್ನು ಅಂಟಿಸುತ್ತಾರೆ; ಆ ಕುರುಹನ್ನು ಓದುವ ಕಣ್ಣಾಗಿ ಪ್ರತಿಕಾಯವೆಂಬ ಮತ್ತೊಂದು ಪ್ರೋಟೀನನ್ನು ಬಳಸುತ್ತಾರೆ. ಈ ವಿಧಾನದ ಸ್ವರೂಪವೇನು, ಅದು ಎಲ್ಲಿ ಸತ್ಯವನ್ನು ಹೇಳುತ್ತದೆ, ಎಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ. ವಿಷಯವು ಪ್ರಯೋಗಾಲಯದ್ದಾದರೂ ಅದರ ಫಲವು ನಾವೆಲ್ಲರೂ ಕೈಯಲ್ಲಿ ಹಿಡಿಯುವ ರಕ್ತಪರೀಕ್ಷೆಯ ವರದಿಯವರೆಗೂ ಬಂದು ಮುಟ್ಟುತ್ತದೆ. ಆದುದರಿಂದ ಭಕ್ತರು ಇದನ್ನು ಸಾವಧಾನದಿಂದ ಓದಬೇಕೆಂದು ಕೋರುತ್ತೇವೆ.

ಪ್ರತಿಕಾಯವೆಂದರೇನು?

ಮಾನವ ಶರೀರದ ಪ್ರತಿಯೊಂದು ಜೀವಕೋಶದ ಕೆಲಸವೂ ಪ್ರೋಟೀನುಗಳಿಂದ ನಡೆಯುತ್ತದೆ. ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಮಣಿಸರದಂತೆ ಒಂದಕ್ಕೊಂದು ಪೋಣಿಸಿಕೊಂಡು ಪ್ರೋಟೀನು ಆಗುತ್ತದೆ. ಅವುಗಳನ್ನು ತಯಾರಿಸುವ ಸೂಚನೆಯನ್ನು ಹೊತ್ತ ವಂಶವಾಹಿಗಳು ನಮ್ಮಲ್ಲಿ ಸುಮಾರು 20,000 ಇವೆ. ಜೀರ್ಣಕ್ರಿಯೆಯ ಕಿಣ್ವಗಳು, ರಕ್ತದ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಇವೆಲ್ಲವೂ ಪ್ರೋಟೀನುಗಳೇ.

ರೋಗಾಣುಗಳು ದೇಹವನ್ನು ಪ್ರವೇಶಿಸಿದಾಗ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅವುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯದ ಆಕಾರವು ಕವಲೊಡೆದ ಕೊಂಬೆಯಂತಿರುತ್ತದೆ. ಅದರ ಎರಡು ಕವಲುಗಳ ತುದಿಯು ತನಗೆ ತಕ್ಕ ವಸ್ತುವಿನ ಒಂದು ಚಿಕ್ಕ ಭಾಗಕ್ಕೆ ಕೀಲಿಯು ಬೀಗಕ್ಕೆ ಹೊಂದುವಂತೆ ಹೊಂದಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಬಿ ಕಣವು ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುತ್ತದೆ. ಆದರೆ ರಕ್ತದಲ್ಲಿ ಅಂತಹ ಅಸಂಖ್ಯ ಕಣಗಳಿರುವುದರಿಂದ ಅಲ್ಲಿ ದೊರೆಯುವುದು ನಾನಾ ಬಗೆಯ ಪ್ರತಿಕಾಯಗಳ ಮಿಶ್ರಣ.

ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ಕಾಲ ಪಡೆಯುವ ದಾರಿಯನ್ನು 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ತೋರಿಸಿಕೊಟ್ಟರು. ಪ್ರತಿಕಾಯವನ್ನು ತಯಾರಿಸುವ ಬಿ ಕಣವು ದೇಹದ ಹೊರಗೆ ಹೆಚ್ಚು ದಿನ ಬದುಕುವುದಿಲ್ಲ. ಮೈಲೋಮಾ ಎಂಬ ಕ್ಯಾನ್ಸರಿನ ಕಣವಾದರೋ ಸಾವಿಲ್ಲದಂತೆ ಬೆಳೆಯುತ್ತಲೇ ಇರುತ್ತದೆ. ಇಲಿಯ ಗುಲ್ಮದಿಂದ ತೆಗೆದ ಬಿ ಕಣಗಳನ್ನು ಮೈಲೋಮಾ ಕಣಗಳೊಡನೆ ಬೆಸೆದು, ಎರಡರ ಗುಣವನ್ನೂ ಪಡೆದ ಹೊಸ ಕಣವನ್ನು ಅವರು ಸೃಷ್ಟಿಸಿದರು. ಹೈಬ್ರಿಡೋಮಾ ಎಂಬ ಹೆಸರಿನ ಈ ಕಣದ ಸಂತತಿಯೆಲ್ಲವೂ ಒಂದೇ ಪ್ರತಿಕಾಯವನ್ನು ತಯಾರಿಸುತ್ತದೆ. ಒಂದೇ ಮೂಲದಿಂದ ಬಂದುದಾದ್ದರಿಂದ ಇದು ಮೊನೊಕ್ಲೋನಲ್, ಅಂದರೆ ಏಕಮೂಲ ಪ್ರತಿಕಾಯ. ಈ ಶೋಧಕ್ಕಾಗಿ ಅವರಿಬ್ಬರಿಗೂ, ರೋಗನಿರೋಧಕ ವ್ಯವಸ್ಥೆಯ ಸಿದ್ಧಾಂತಗಳಿಗಾಗಿ ನೀಲ್ಸ್ ಯರ್ನೆ ಅವರಿಗೂ 1984ರಲ್ಲಿ ನೊಬೆಲ್ ಪ್ರಶಸ್ತಿಯು ಒಟ್ಟಾಗಿ ಸಂದಿತು. ಕೇಂಬ್ರಿಜ್‌ನ ಆ ಮೂಲ ವಿಧಾನಕ್ಕೆ ಪೇಟೆಂಟ್ ಪಡೆಯಲಾಗಲಿಲ್ಲ. ಅದು ಎಲ್ಲರ ಸ್ವತ್ತಾಗಿ ಉಳಿಯಿತು.

ಪ್ರೋಟೀನಿಗೆ ಹೆಸರು ಹಾಕಿಸುವುದು

ಹೊಸದಾಗಿ ಗುರುತಿಸಿದ ಒಂದು ಪ್ರೋಟೀನನ್ನು ಅಭ್ಯಾಸ ಮಾಡಬೇಕೆಂದು ಭಾವಿಸೋಣ. ಅದನ್ನು ಹಿಡಿಯುವ ಪ್ರತಿಕಾಯವು ಇನ್ನೂ ಸಿದ್ಧವಾಗಿಲ್ಲ. ಅದನ್ನು ತಯಾರಿಸಲು ಹಲವು ತಿಂಗಳುಗಳು ಬೇಕು. ತಯಾರಾದರೂ ಅದು ಚೆನ್ನಾಗಿ ಕೆಲಸಮಾಡುವುದೆಂಬ ಭರವಸೆಯಿಲ್ಲ. ಆಗ ವಿಜ್ಞಾನಿಗಳು ಬೇರೆ ದಾರಿಯನ್ನು ಹಿಡಿಯುತ್ತಾರೆ. ಈಗಾಗಲೇ ಉತ್ತಮ ಪ್ರತಿಕಾಯ ದೊರೆಯುವ ಒಂದು ಚಿಕ್ಕ ತುಣುಕನ್ನು ಆ ಪ್ರೋಟೀನಿನ ತುದಿಗೆ ಸೇರಿಸುತ್ತಾರೆ. ಇದಕ್ಕೆ ಟ್ಯಾಗ್ ಎಂದು ಹೆಸರು. ನಾವು ಇಲ್ಲಿ ಅದನ್ನು ಕುರುಹು ಎಂದು ಕರೆಯುತ್ತೇವೆ.

ಕುರುಹನ್ನು ಪ್ರೋಟೀನಿಗೆ ನೇರವಾಗಿ ಅಂಟಿಸುವುದಿಲ್ಲ. ಅದರ ವಂಶವಾಹಿಯಲ್ಲಿಯೇ ಬರೆಯುತ್ತಾರೆ. ಡಿಎನ್‌ಎ ಲಿಪಿಯಲ್ಲಿ ಮೂರು ಅಕ್ಷರಗಳಿಗೆ ಒಂದು ಅಮೈನೋ ಆಮ್ಲ. ಹತ್ತು ಅಮೈನೋ ಆಮ್ಲಗಳ ಕುರುಹು ಬೇಕಾದರೆ ವಂಶವಾಹಿಯ ತುದಿಯಲ್ಲಿ 30 ಅಕ್ಷರಗಳನ್ನು ಸೇರಿಸಿದರಾಯಿತು. ಅನಂತರ ಜೀವಕೋಶವು ತಯಾರಿಸುವ ಆ ಪ್ರೋಟೀನಿನ ಪ್ರತಿಯೊಂದು ಪ್ರತಿಯೂ ಕುರುಹನ್ನು ಹೊತ್ತೇ ಹುಟ್ಟುತ್ತದೆ.

ಇಂತಹ ಕುರುಹುಗಳಲ್ಲಿ ಕೆಲವು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿಯೂ ಪ್ರಸಿದ್ಧವಾಗಿವೆ. 1985ರಲ್ಲಿ ಜೆರಾರ್ಡ್ ಇವಾನ್ ಮತ್ತು ಸಂಗಡಿಗರು ಮಾನವನ ಮಿಕ್ ಎಂಬ ಪ್ರೋಟೀನನ್ನು ಹಿಡಿಯುವ 9ಇ10 ಎಂಬ ಏಕಮೂಲ ಪ್ರತಿಕಾಯವನ್ನು ಪ್ರಕಟಿಸಿದರು. ಅದು ಗುರುತಿಸುವ 10 ಅಮೈನೋ ಆಮ್ಲಗಳ ತುಣುಕೇ ಮಿಕ್ ಕುರುಹು. ಇನ್‌ಫ್ಲುಯೆಂಜಾ ವೈರಾಣುವಿನ ಹೊರಮೈಯ ಪ್ರೋಟೀನಿನಿಂದ ತೆಗೆದ 9 ಅಮೈನೋ ಆಮ್ಲಗಳ ಕುರುಹು ಎಚ್‌ಎ. 1988ರಲ್ಲಿ ಪ್ರಕಟವಾದ ಫ್ಲ್ಯಾಗ್ ಎಂಬುದು ಈ ಉದ್ದೇಶಕ್ಕೆಂದೇ ರಚಿಸಿದ 8 ಅಮೈನೋ ಆಮ್ಲಗಳ ಕುರುಹು. ನೂರಾರು ಅಮೈನೋ ಆಮ್ಲಗಳಿರುವ ಪ್ರೋಟೀನಿಗೆ ಇದು ಕೊಳಗದ ಅಂಚಿನ ಹೆಸರಿನಷ್ಟೇ ಸಣ್ಣದು.

ಕುರುಹನ್ನು ಓದುವ ಕ್ರಮ

ಕುರುಹನ್ನು ಓದುವ ವಿಧಾನಗಳಲ್ಲಿ ವೆಸ್ಟರ್ನ್ ಬ್ಲಾಟ್ ಎಂಬುದು ಮುಖ್ಯವಾದುದು. ಡಿಎನ್‌ಎ ತುಣುಕುಗಳನ್ನು ಗುರುತಿಸುವ ವಿಧಾನವೊಂದನ್ನು 1975ರಲ್ಲಿ ಎಡ್ವಿನ್ ಸದರ್ನ್ ಪ್ರಕಟಿಸಿದ್ದರು. ಸದರ್ನ್ ಎಂದರೆ ಇಂಗ್ಲಿಷಿನಲ್ಲಿ ದಕ್ಷಿಣದ್ದು ಎಂದೂ ಅರ್ಥ. ಪ್ರೋಟೀನಿನ ವಿಧಾನವು ಬಂದಾಗ ವಿಜ್ಞಾನಿಗಳು ವಿನೋದಕ್ಕಾಗಿ ಅದಕ್ಕೆ ಪಶ್ಚಿಮದ್ದು ಎಂಬರ್ಥದ ವೆಸ್ಟರ್ನ್ ಎಂಬ ಹೆಸರನ್ನಿಟ್ಟರು, ಅದೇ ಉಳಿಯಿತು.

ಕ್ರಮವು ಹೀಗಿದೆ. ಮೊದಲು ಜೀವಕೋಶಗಳನ್ನು ಒಡೆದು, ಸಾಬೂನಿನಂತಹ ಒಂದು ರಾಸಾಯನಿಕದೊಡನೆ ಕಾಯಿಸುತ್ತಾರೆ. ಆಗ ಮಡಿಚಿಕೊಂಡಿದ್ದ ಪ್ರೋಟೀನುಗಳು ಬಿಚ್ಚಿಕೊಳ್ಳುತ್ತವೆ. ಆ ದ್ರವವನ್ನು ಲೋಳೆಯಂತಹ ತೆಳು ಹಲಗೆಯ ಒಂದು ತುದಿಯಲ್ಲಿ ಹಾಕಿ ವಿದ್ಯುತ್ತನ್ನು ಹರಿಸಿದರೆ ಪ್ರೋಟೀನುಗಳು ಇನ್ನೊಂದು ತುದಿಯತ್ತ ಸಾಗುತ್ತವೆ. ಚಿಕ್ಕವು ಬೇಗ ಮುಂದೆ ಹೋಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಹೀಗೆ ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟ ಪ್ರೋಟೀನುಗಳನ್ನು, ಮತ್ತೆ ವಿದ್ಯುತ್ತಿನ ಸಹಾಯದಿಂದಲೇ, ಕಾಗದದಂತಹ ಒಂದು ಪೊರೆಯ ಮೇಲೆ ಅಚ್ಚೊತ್ತಿಸುತ್ತಾರೆ.

ಇನ್ನು ಮುಂದಿನ ಹಂತದಲ್ಲಿ ನಮ್ಮ ಅಡುಗೆಮನೆಯ ವಸ್ತುವೊಂದು ಪ್ರಯೋಗಾಲಯವನ್ನು ಪ್ರವೇಶಿಸುತ್ತದೆ. ಕೆನೆ ತೆಗೆದ ಹಾಲಿನ ಪುಡಿಯನ್ನು ಸಾಮಾನ್ಯವಾಗಿ ಶೇಕಡಾ 5ರ ಪ್ರಮಾಣದಲ್ಲಿ ಕಲಸಿ, ಆ ದ್ರವದಲ್ಲಿ ಪೊರೆಯನ್ನು ನೆನೆಸುತ್ತಾರೆ. ಪೊರೆಯ ಬರಿದಾದ ಜಾಗಗಳನ್ನೆಲ್ಲ ಹಾಲಿನ ಪ್ರೋಟೀನು ತುಂಬುತ್ತದೆ. ಹೀಗೆ ಮಾಡದಿದ್ದರೆ ಪ್ರತಿಕಾಯವು ಕಂಡ ಕಂಡಲ್ಲಿ ಅಂಟಿಕೊಂಡು ಪೊರೆಯೆಲ್ಲವೂ ಕಪ್ಪಾಗಿಬಿಡುತ್ತದೆ.

ಅನಂತರ ಕುರುಹನ್ನು ಹಿಡಿಯುವ ಪ್ರತಿಕಾಯವನ್ನು ಹಾಕುತ್ತಾರೆ. ಅಂಟದೆ ಉಳಿದುದನ್ನು ತೊಳೆದು, ಇಲಿಯ ಪ್ರತಿಕಾಯವನ್ನೇ ಹಿಡಿಯುವಂತೆ ಆಡು ಮುಂತಾದ ಬೇರೆ ಪ್ರಾಣಿಯಲ್ಲಿ ತಯಾರಿಸಿದ ಎರಡನೆಯ ಪ್ರತಿಕಾಯವನ್ನು ಹಾಕುತ್ತಾರೆ. ಇದಕ್ಕೆ ಒಂದು ಕಿಣ್ವವನ್ನು ಜೋಡಿಸಿರುತ್ತಾರೆ. ತಕ್ಕ ರಾಸಾಯನಿಕವನ್ನು ಸುರಿದಾಗ ಕಿಣ್ವವಿರುವಲ್ಲಿ ಮಾತ್ರ ಬೆಳಕು ಹೊಮ್ಮುತ್ತದೆ. ಅದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಾಗ ಚಿತ್ರದಲ್ಲಿ ಒಂದು ಕಪ್ಪು ಪಟ್ಟಿಯು ಕಾಣುತ್ತದೆ. ಪಟ್ಟಿಯಿರುವ ಸ್ಥಾನವು ಪ್ರೋಟೀನಿನ ಗಾತ್ರವನ್ನೂ, ಅದರ ಗಾಢತೆಯು ಸುಮಾರಾಗಿ ಅದರ ಪ್ರಮಾಣವನ್ನೂ ತಿಳಿಸುತ್ತದೆ.

ಹೆಸರೊಂದೇ, ಮನೆ ಬೇರೆ

ಇಷ್ಟನ್ನು ಓದಿದ ಮೇಲೆ ಪಟ್ಟಿಯು ಕಂಡಿತೆಂದರೆ ಪ್ರೋಟೀನು ಸಿಕ್ಕಿತೆಂದೇ ತೋರಬಹುದು. ಆದರೆ ದಾಸೋಹದ ಪಾತ್ರೆಗಳನ್ನು ಹಂಚಿದವರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಮನೆಗಳಿರಬಹುದು. 9ಇ10 ಪ್ರತಿಕಾಯದಲ್ಲಿ ಇರುವ ತೊಡಕು ಇದೇ. ಅದನ್ನು ತಯಾರಿಸಿದ್ದು ಮಾನವನ ಸಹಜ ಮಿಕ್ ಪ್ರೋಟೀನಿಗಾಗಿ. ಆದುದರಿಂದ ಮಾನವನ ಜೀವಕೋಶಗಳಲ್ಲಿ ಅದನ್ನು ಬಳಸಿದಾಗ ನಾವು ಹಾಕಿದ ಕುರುಹನ್ನು ಮಾತ್ರವಲ್ಲದೆ, ಕೋಶದಲ್ಲಿ ಮೊದಲೇ ಇದ್ದ ಮಿಕ್ ಪ್ರೋಟೀನನ್ನೂ ಅದು ಹಿಡಿಯಬಲ್ಲದು.

ಕೆಲವೊಮ್ಮೆ ಹೆಸರು ಪಾತ್ರೆಯ ತಳದಲ್ಲಿದ್ದು ಮೇಲಿನಿಂದ ಕಾಣುವುದಿಲ್ಲ. ಅಂತೆಯೇ ಮಡಿಕೆಗಳನ್ನು ಬಿಚ್ಚದೆ ಮಾಡುವ ಪರೀಕ್ಷೆಗಳಲ್ಲಿ ಕುರುಹು ಪ್ರೋಟೀನಿನ ಒಳಗೆ ಅಡಗಿ ಪ್ರತಿಕಾಯಕ್ಕೆ ದಕ್ಕದೆ ಹೋಗಬಹುದು. ಹೆಸರನ್ನು ಆಳವಾಗಿ ಕೆತ್ತಿದರೆ ಪಾತ್ರೆಯೇ ಸೋರೀತು. ತಕ್ಕ ಸ್ಥಳವಲ್ಲದಲ್ಲಿ ಕುರುಹನ್ನು ಸೇರಿಸಿದರೆ ಪ್ರೋಟೀನು ತನ್ನ ಸಹಜ ಕೆಲಸವನ್ನೇ ಕಳೆದುಕೊಳ್ಳಬಹುದು.

ಓದುವ ಕಣ್ಣೂ ಯಾವಾಗಲೂ ಶುದ್ಧವಾಗಿರುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 185 ಹೈಬ್ರಿಡೋಮಾಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗವು ನಿರೀಕ್ಷಿತ ಪ್ರತಿಕಾಯದ ಸರಪಳಿಗಳ ಜೊತೆಗೆ ಬೇರೆ ಸರಪಳಿಗಳನ್ನೂ ತಯಾರಿಸುತ್ತಿದ್ದುದು ಕಂಡುಬಂದಿತು. ಇದಕ್ಕೂ ಮೊದಲೇ, 2015ರಲ್ಲಿ, ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ, ಸಂಶೋಧನೆಗೆ ಬಳಸುವ ಪ್ರತಿಕಾಯಗಳನ್ನು ಅವುಗಳ ನಿಖರವಾದ ರಚನಾಕ್ರಮದಿಂದಲೇ ಗುರುತಿಸಿ ತಯಾರಿಸಬೇಕೆಂದು ಕರೆಕೊಟ್ಟಿದ್ದರು. ಹಾಗೆ ರಚನಾಕ್ರಮವು ತಿಳಿದಿರುವ ಪ್ರತಿಕಾಯವನ್ನು ಮತ್ತೆ ಪ್ರಾಣಿಯ ನೆರವಿಲ್ಲದೆ ಕೋಶಗಳಲ್ಲಿಯೇ ಬೆಳೆಸಬಹುದು. ಸಕಲ ಜೀವಿಗಳಲ್ಲಿ ದಯೆಯನ್ನು ಬಯಸುವ ನಮಗೆ ಇದು ಸಮಾಧಾನದ ಸಂಗತಿ.

ನಾವು ಕಲಿತ ಪಾಠ

ನಾವು ಸಂಶೋಧನಾ ವಿದ್ಯಾರ್ಥಿಗಳಾಗಿದ್ದಾಗ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಸುಮಾರು 50 ಕಿಲೋಡಾಲ್ಟನ್ ತೂಕದ ಒಂದು ಪ್ರೋಟೀನಿಗೆ ಎಚ್‌ಎ ಕುರುಹನ್ನು ಸೇರಿಸಿ ಜೀವಕೋಶಗಳಲ್ಲಿ ಬೆಳೆಸಿದ್ದೆವು. ಇಲಿಯ ಪ್ರತಿಕಾಯವನ್ನು ಅಂಟಿಸಿದ ಸಣ್ಣ ಮಣಿಗಳಿಂದ ಆ ಪ್ರೋಟೀನನ್ನು ಗಾಳ ಹಾಕಿದಂತೆ ಹಿಡಿದು, ಬಳಿಕ ಇಲಿಯ ಪ್ರತಿಕಾಯದಿಂದಲೇ ಪೊರೆಯ ಮೇಲೆ ಓದಿದೆವು. 50ರ ಸ್ಥಾನದಲ್ಲಿ ದಟ್ಟವಾದ ಪಟ್ಟಿಯು ಕಂಡಿತು. 25ರ ಬಳಿ ಇನ್ನೊಂದು ಪಟ್ಟಿಯೂ ಇತ್ತು. ಅದನ್ನು ಕಸವೆಂದು ಬಗೆದು ಚಿತ್ರದಿಂದ ಕತ್ತರಿಸಿ ಹಾಕಿದೆವು. ಮೂರು ವಾರಗಳ ಕಾಲ ಅದೇ ಫಲಿತಾಂಶವನ್ನು ಮತ್ತೆ ಮತ್ತೆ ಪಡೆದು ಹಿಗ್ಗಿದೆವು.

ನಮ್ಮ ಮಾರ್ಗದರ್ಶಕರು ಚಿತ್ರವನ್ನು ನೋಡಿ ಕೇಳಿದ್ದು ಒಂದೇ ಮಾತು: "ಕುರುಹು ಹಾಕದ ಕೋಶಗಳ ಸಾಲು ಎಲ್ಲಿದೆಯಪ್ಪಾ?"

ಅದನ್ನು ನಾವು ಹಾಕಿರಲಿಲ್ಲ. ಮರುದಿನ ಹಾಕಿ ನೋಡಿದಾಗ ಆ ಸಾಲಿನಲ್ಲಿಯೂ ಅಷ್ಟೇ ದಟ್ಟವಾದ ಪಟ್ಟಿಯು ಮೂಡಿತು. ಪ್ರತಿಕಾಯದಲ್ಲಿ ಸುಮಾರು 50 ಕಿಲೋಡಾಲ್ಟನ್ ತೂಕದ ಭಾರ ಸರಪಳಿಗಳೂ, ಸುಮಾರು 25 ಕಿಲೋಡಾಲ್ಟನ್ ತೂಕದ ಹಗುರ ಸರಪಳಿಗಳೂ ಇರುತ್ತವೆ. ಗಾಳವಾಗಿ ಬಳಸಿದ ಇಲಿಯ ಪ್ರತಿಕಾಯವೇ ಬಿಚ್ಚಿಕೊಂಡು ಪೊರೆಗೆ ಬಂದಿತ್ತು. ಎರಡನೆಯ ಪ್ರತಿಕಾಯವು ಅದನ್ನೇ ಹಿಡಿದು ತೋರಿಸಿತ್ತು. ಮೀನು ಬಿದ್ದಿರಲೇ ಇಲ್ಲ. ನಾವು ನೋಡಿ ಹಿಗ್ಗಿದ್ದು ನಮ್ಮದೇ ಗಾಳವನ್ನು! ಕೊನೆಗೆ ವಂಶವಾಹಿಯನ್ನು ಓದಿಸಿದಾಗ, ಕುರುಹನ್ನು ಸೇರಿಸಿದ ಸಂಧಿಯಲ್ಲಿ ಒಂದು ಅಕ್ಷರವು ಬಿಟ್ಟುಹೋಗಿ ಮುಂದಿನ ಅಕ್ಷರಗಳ ಅರ್ಥವೇ ಕೆಟ್ಟಿತ್ತೆಂದು ತಿಳಿಯಿತು. ಕುರುಹು ತಯಾರೇ ಆಗಿರಲಿಲ್ಲ. ಕಸವೆಂದು ಕತ್ತರಿಸಿ ಹಾಕಿದ ಆ 25ರ ಪಟ್ಟಿಯು ಮೊದಲ ದಿನದಿಂದಲೂ ನಮಗೆ ಸತ್ಯವನ್ನು ಹೇಳುತ್ತಿತ್ತು.

ಕುರುಹಿಲ್ಲದ ಆ ಸಾಲನ್ನು ನಿಯಂತ್ರಕ ಮಾದರಿ ಎನ್ನುತ್ತಾರೆ. ಏನೂ ಕಾಣಬಾರದ ಕಡೆಯಲ್ಲಿ ಏನೂ ಕಾಣುತ್ತಿಲ್ಲವೆಂದು ಖಚಿತಪಡಿಸುವುದೇ ಅದರ ಕೆಲಸ. ಅದಿಲ್ಲದೆ ಪ್ರತಿಕಾಯದ ಮಾತನ್ನು ನಂಬಬಾರದೆಂಬುದು ನಾವು ಅಂದು ಕಲಿತ ಪಾಠ.

ನಮ್ಮ ವರದಿಯಲ್ಲಿಯೂ ಇದೇ ಪ್ರಶ್ನೆ

ಔಷಧದ ಅಂಗಡಿಯಲ್ಲಿ ದೊರೆಯುವ ಗರ್ಭಪರೀಕ್ಷೆಯ ಪಟ್ಟಿಯಲ್ಲಿಯೂ ಏಕಮೂಲ ಪ್ರತಿಕಾಯಗಳಿವೆ. ಅದರಲ್ಲಿ ಟಿ ಎಂಬ ಗೆರೆಯು ಫಲಿತಾಂಶವನ್ನು ತೋರಿಸಿದರೆ, ಸಿ ಎಂಬ ಗೆರೆಯು ನಿಯಂತ್ರಕ. ದ್ರವವು ಸರಿಯಾಗಿ ಹರಿದಿದೆ, ಪ್ರತಿಕಾಯವು ಕೆಟ್ಟಿಲ್ಲ ಎಂಬುದನ್ನು ಸಿ ಗೆರೆಯು ಸಾರುತ್ತದೆ. ಅದು ಮೂಡದಿದ್ದರೆ ಟಿ ಗೆರೆಯು ಏನೇ ಹೇಳಿದರೂ ಆ ಪರೀಕ್ಷೆಯು ಅಸಿಂಧು. ಹೊಸ ಪಟ್ಟಿಯಲ್ಲಿ ಮತ್ತೆ ಮಾಡಬೇಕು. ಡೆಂಗಿಯ ಎನ್‌ಎಸ್1 ಪಟ್ಟಿಗೂ ಇದೇ ನಿಯಮ. ಅಲ್ಲದೆ ಎನ್‌ಎಸ್1 ಪ್ರೋಟೀನು ಜ್ವರದ ಮೊದಲ ದಿನಗಳಲ್ಲಿ ಹೆಚ್ಚಾಗಿದ್ದು ಬಳಿಕ ಇಳಿಯುವುದರಿಂದ, ತಡವಾಗಿ ಮಾಡಿಸಿದ ಪರೀಕ್ಷೆಯಲ್ಲಿ ಗೆರೆಯು ಮೂಡಲಿಲ್ಲವೆಂದು ಡೆಂಗಿಯೇ ಅಲ್ಲವೆಂದು ತೀರ್ಮಾನಿಸಬಾರದು.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೊಂದಿದೆ. ಆಸ್ಪತ್ರೆಗಳ ಹಲವು ಪರೀಕ್ಷಾ ಯಂತ್ರಗಳಲ್ಲಿ ಪ್ರತಿಕಾಯಕ್ಕೆ ಬಯೋಟಿನ್ ಎಂಬ ಜೀವಸತ್ವವನ್ನೇ ಕುರುಹಾಗಿ ಜೋಡಿಸಿರುತ್ತಾರೆ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಆ ಕುರುಹನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ವಯಸ್ಕರಿಗೆ ದಿನಕ್ಕೆ ಸಾಕೆಂದು ಹೇಳುವ ಬಯೋಟಿನ್ ಪ್ರಮಾಣವು ಸುಮಾರು 30 ಮೈಕ್ರೋಗ್ರಾಂ. ಕೂದಲು ಉದುರುವುದಕ್ಕೆಂದು, ಉಗುರಿನ ಹೊಳಪಿಗೆಂದು ಮಾರುವ ಮಾತ್ರೆಗಳಲ್ಲಿ ಕೆಲವೊಮ್ಮೆ 5,000ದಿಂದ 10,000 ಮೈಕ್ರೋಗ್ರಾಂವರೆಗೂ ಇರುತ್ತದೆ. ಇಂತಹ ಮಾತ್ರೆಯನ್ನು ನುಂಗಿ ರಕ್ತವನ್ನು ಕೊಟ್ಟರೆ, ರಕ್ತದಲ್ಲಿರುವ ಬಯೋಟಿನ್ ಸ್ಟ್ರೆಪ್ಟಾವಿಡಿನ್ನಿನ ಜಾಗಗಳನ್ನೆಲ್ಲ ಆಕ್ರಮಿಸಬಹುದು. ಆಗ ಪರೀಕ್ಷೆಯ ಪ್ರತಿಕಾಯಕ್ಕೆ ಜಾಗವಿಲ್ಲದೆ ಅದು ತೊಳೆದುಹೋಗುತ್ತದೆ. ಯಂತ್ರವು ತಪ್ಪು ಅಂಕಿಯನ್ನು ಕೊಡುತ್ತದೆ.

ಥೈರಾಯ್ಡ್ ಪರೀಕ್ಷೆಯಲ್ಲಿ ಇದರಿಂದ ಟಿಎಸ್‌ಎಚ್ ನಿಜಕ್ಕಿಂತ ಕಡಿಮೆಯಾಗಿಯೂ, ಟಿ4 ನಿಜಕ್ಕಿಂತ ಹೆಚ್ಚಾಗಿಯೂ ಕಾಣಬಹುದು. ಆರೋಗ್ಯವಾಗಿರುವವರ ವರದಿಯು ಥೈರಾಯ್ಡ್ ಅತಿಯಾಗಿ ಕೆಲಸಮಾಡುವವರ ವರದಿಯಂತೆ ತೋರಿ, ಇಲ್ಲದ ರೋಗಕ್ಕೆ ಔಷಧವು ಆರಂಭವಾಗಬಹುದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯಲ್ಲಿ ಅಪಾಯವು ಇನ್ನೂ ದೊಡ್ಡದು. ಅಲ್ಲಿ ಇರುವ ರೋಗವೇ ಮರೆಯಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಕುರಿತು ಎಚ್ಚರಿಕೆ ನೀಡಿದಾಗ, ಅಧಿಕ ಬಯೋಟಿನ್ ಸೇವಿಸುತ್ತಿದ್ದು ಟ್ರೋಪೋನಿನ್ ತಪ್ಪಾಗಿ ಕಡಿಮೆ ಕಂಡ ಒಬ್ಬ ರೋಗಿಯು ಮೃತಪಟ್ಟ ವರದಿಯನ್ನೂ ಉಲ್ಲೇಖಿಸಿತ್ತು. ಎಲ್ಲ ಯಂತ್ರಗಳಲ್ಲಿಯೂ ಹೀಗಾಗುವುದಿಲ್ಲ. ಸಾಮಾನ್ಯ ಆಹಾರದಲ್ಲಿರುವ ಬಯೋಟಿನ್‌ನಿಂದ ಭಯವಿಲ್ಲ. ಆದರೆ ನಾವು ತಿಳಿಸದಿದ್ದರೆ ವೈದ್ಯರಿಗೆ ತಿಳಿಯುವ ಬಗೆಯಿಲ್ಲ.

ಭಕ್ತರು ನೆನಪಿಡಬೇಕಾದುದು

ರಕ್ತಪರೀಕ್ಷೆಗೆ ಮೊದಲು ತಾವು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಜೀವಸತ್ವದ ಮಾತ್ರೆಗಳನ್ನೂ ಬಿಡದೆ, ವೈದ್ಯರಿಗೆ ಹೇಳಬೇಕು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಬೇಕೆಂಬುದು ಅಮೆರಿಕದ ಥೈರಾಯ್ಡ್ ಸಂಘದ ಸಲಹೆ; ಪ್ರಮಾಣವು ಹೆಚ್ಚಿದ್ದರೆ ಎಷ್ಟು ದಿನವೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ವೈದ್ಯರು ಬರೆದುಕೊಟ್ಟ ಬೇರೆ ಔಷಧಿಗಳನ್ನು ತಾವಾಗಿಯೇ ನಿಲ್ಲಿಸಬಾರದು. ಮನೆಯಲ್ಲಿ ಮಾಡುವ ಪಟ್ಟಿಯ ಪರೀಕ್ಷೆಯಲ್ಲಿ ಮೊದಲು ಸಿ ಗೆರೆಯನ್ನು ನೋಡಿ, ಬಳಿಕ ಟಿ ಗೆರೆಯನ್ನು ನೋಡಬೇಕು. ವರದಿಯ ಅಂಕಿಗೂ ದೇಹದ ಸ್ಥಿತಿಗೂ ತಾಳೆಯಾಗದಿದ್ದರೆ ಭಯಪಡದೆ, ಪರೀಕ್ಷೆಯನ್ನು ಮತ್ತೊಮ್ಮೆ ಬೇರೆ ವಿಧಾನದಿಂದ ಮಾಡಿಸಬಹುದೇ ಎಂದು ವೈದ್ಯರನ್ನು ವಿನಯದಿಂದ ಕೇಳಬೇಕು. ಎದೆನೋವು, ಉಸಿರಾಟದ ತೊಂದರೆಗಳಿದ್ದಾಗ ಮಾತ್ರ ಯಾವ ಅಂಕಿಯನ್ನೂ ಕಾಯದೆ ಕೂಡಲೇ ಆಸ್ಪತ್ರೆಯನ್ನು ಸೇರಬೇಕು.

ದಾಸೋಹದ ಸಂಜೆ ಪಾತ್ರೆಗಳನ್ನು ಮರಳಿಸುವ ಹಿರಿಯರು ಹೆಸರನ್ನು ಓದಿದೊಡನೆ ಪಾತ್ರೆಯನ್ನು ಕೈಗಿಡುವುದಿಲ್ಲ. "ಇದು ನಿಮ್ಮದೇ ಹೌದೇನವ್ವಾ? ಒಮ್ಮೆ ನೋಡಿಕೊಳ್ಳಿ" ಎಂದು ಕೇಳಿಯೇ ಕೊಡುತ್ತಾರೆ. ನಮ್ಮ ವರದಿಯನ್ನು ಕೈಗೆತ್ತಿಕೊಂಡಾಗಲೂ ಆ ಒಂದು ಮಾತನ್ನು ನಾವು ಕೇಳಿಕೊಳ್ಳುವುದು ಲೇಸು.